ಊರಿನ ವಾದ್ಯವೃಂದಕ್ಕೆ ಹಣ ಕೊಡಬೇಕಾದವರು ಯಾರು?

ಅಮೆರಿಕದ ಎರಡು ಊರುಗಳಿಂದ 2022ರಲ್ಲಿ ಬಂದ ಎರಡು ಸುದ್ದಿಗಳನ್ನು ಜೊತೆಗಿಟ್ಟು ನೋಡಬೇಕು. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ಆ ದೇಶದ ಏಳನೆಯ ದೊಡ್ಡ ನಗರ. ಅಲ್ಲಿ ಎಂಟು ದಶಕಗಳಿಗೂ ಹೆಚ್ಚು ಕಾಲ ನಡೆದುಬಂದಿದ್ದ ಸಿಂಫನಿ ವಾದ್ಯವೃಂದವನ್ನು ಅದರ ಆಡಳಿತ ಮಂಡಳಿ ಆ ವರ್ಷದ ಜೂನ್ ತಿಂಗಳಲ್ಲಿ ವಿಸರ್ಜಿಸಿತು. ಪೂರ್ಣಾವಧಿ ವಾದಕರ ಸಂಖ್ಯೆಯನ್ನು 72ರಿಂದ 42ಕ್ಕೆ ಇಳಿಸಬೇಕೆಂದು ಮಂಡಳಿ ಹಟ ಹಿಡಿದಿತ್ತು. ವಾದಕರು 2021ರ ಸೆಪ್ಟೆಂಬರ್‌ನಿಂದ ಮುಷ್ಕರ ಹೂಡಿದ್ದರು. ಕೊನೆಗೆ ಸಂಸ್ಥೆಯೇ ಉಳಿಯಲಿಲ್ಲ. ಅದೇ ವರ್ಷ ಕೆಂಟಕಿ ರಾಜ್ಯದ ಶಾಸನಸಭೆ ತನ್ನ ಬಜೆಟ್ಟಿನಲ್ಲಿ ಲೂಯಿವಿಲ್ ನಗರದ ವಾದ್ಯವೃಂದಕ್ಕೆ ಎರಡು ವರ್ಷಗಳಿಗೆಂದು 43 ಲಕ್ಷ ಡಾಲರ್, ಅಂದರೆ ಅಂದಿನ ದರದಲ್ಲಿ ಸುಮಾರು 33 ಕೋಟಿ ರೂಪಾಯಿ, ತೆಗೆದಿರಿಸಿತು. ವಾದ್ಯವೃಂದ ರಾಜಧಾನಿಯ ಗಣ್ಯರನ್ನು ರಂಜಿಸಲಿ ಎಂದಲ್ಲ. ರಾಜ್ಯದ ಮೂಲೆ ಮೂಲೆಯ ಸಣ್ಣ ಪಟ್ಟಣಗಳಿಗೆ ಹೋಗಿ ನುಡಿಸಿ ಬರಲಿ ಎಂದು.

ಲೂಯಿವಿಲ್ ಶ್ರೀಮಂತ ಊರೇನಲ್ಲ. ಜನಸಂಖ್ಯೆ ಆರು ಲಕ್ಷಕ್ಕೆ ತುಸು ಹೆಚ್ಚು, ಸ್ಯಾನ್ ಆಂಟೋನಿಯೊದ ಅರ್ಧಕ್ಕಿಂತ ಕಡಿಮೆ. ಹೊರಗಿನವರಿಗೆ ಅದರ ಪರಿಚಯ ಕುದುರೆ ಜೂಜು, ಬರ್ಬನ್ ಮದ್ಯ ಮತ್ತು ಮುಹಮ್ಮದ್ ಅಲಿಯ ಹುಟ್ಟೂರು ಎಂಬಷ್ಟೇ. ಮೇಲಾಗಿ, ಹನ್ನೆರಡು ವರ್ಷಗಳ ಹಿಂದೆ, 2010ರ ಡಿಸೆಂಬರ್‌ನಲ್ಲಿ, ಇದೇ ವಾದ್ಯವೃಂದ ದಿವಾಳಿ ಅರ್ಜಿ ಹಿಡಿದು ನ್ಯಾಯಾಲಯದ ಮುಂದೆ ನಿಂತಿತ್ತು. ದೊಡ್ಡ ಊರು ಕಳೆದುಕೊಂಡದ್ದನ್ನು ಚಿಕ್ಕ ಊರು ಉಳಿಸಿಕೊಂಡದ್ದು ಹೇಗೆ?

ಪಾಶ್ಚಾತ್ಯ ಸಂಗೀತದ ಪಂಡಿತ ನಾನಲ್ಲ. ಧ್ವನಿಮುದ್ರಿಕೆಗಳ ಮೂಲಕ ಅದರ ರುಚಿ ಹತ್ತಿಸಿಕೊಂಡ ಸಾಧಾರಣ ಕೇಳುಗ. ಆದರೆ ಬಡಾವಣೆಯ ಸಣ್ಣ ಸಂಗೀತ ಸಭೆಯೊಂದರ ಕಾರ್ಯಕಾರಿ ಸಮಿತಿಯಲ್ಲಿ ಹಲವು ವರ್ಷ ಕುಳಿತು, ರಾಮನವಮಿ ಕಛೇರಿಗಳಿಗಾಗಿ ರಸೀದಿ ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ಸುತ್ತಿದವನಾದ್ದರಿಂದ, ಇಂಥ ಸುದ್ದಿ ಓದಿದಾಗ ಮೊದಲು ಕಣ್ಣು ಹೋಗುವುದು ಲೆಕ್ಕದ ಕಡೆಗೆ. ನಮ್ಮ ಕಛೇರಿಗೆ ಹಾಡುವವರೊಬ್ಬರು, ಪಿಟೀಲು, ಮೃದಂಗ, ಘಟ ಅಥವಾ ಖಂಜಿರ, ತಂಬೂರಿ ಇದ್ದರೆ ಸಾಕು. ಐದು ಜನರಿಗೆ ಸಂಭಾವನೆ, ಕಾಫಿ, ಹಾರ. ಸಿಂಫನಿಗೆ ಅರವತ್ತರಿಂದ ಎಂಬತ್ತು ಜನ ಬೇಕು. ಅವರೆಲ್ಲ ಹತ್ತು ಹದಿನೈದು ವರ್ಷ ಕಠಿಣ ಅಭ್ಯಾಸ ಮಾಡಿದವರಾಗಿರಬೇಕು, ಒಂದೇ ಊರಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ವಾಸಿಸಬೇಕು, ಪ್ರತಿ ಕಛೇರಿಗೆ ಮೊದಲು ಹಲವು ತಾಲೀಮು ನಡೆಯಬೇಕು. ಜೊತೆಗೆ ಸ್ವರಲಿಪಿಯ ಹಾಳೆಗಳನ್ನು ಕಾಯುವ ಗ್ರಂಥಪಾಲಕ, ವಾದಕರ ಹಾಜರಿ ನೋಡುವ ವ್ಯವಸ್ಥಾಪಕ, ವಾದ್ಯ ಸಾಗಿಸುವವರು, ದೇಣಿಗೆ ಎತ್ತುವವರು. ಇವರೆಲ್ಲರ ಮೇಲೆ ಊರಿನ ವಕೀಲರು, ವೈದ್ಯರು, ಉದ್ಯಮಿಗಳು ಸಂಬಳವಿಲ್ಲದೆ ಕೂಡುವ ಆಡಳಿತ ಮಂಡಳಿ. ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಈ ಇಡೀ ಯಂತ್ರದ ಕಣ್ಣಿಗೆ ಕಾಣುವ ಭಾಗ ಮಾತ್ರ.

ಈ ಯಂತ್ರ ಟಿಕೆಟ್ ಹಣದಿಂದ ಎಂದೂ ನಡೆಯದು. ಏಕೆ ನಡೆಯದು ಎಂಬುದನ್ನು ವಿಲಿಯಂ ಬೌಮಾಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿಯೇ ತೋರಿಸಿಕೊಟ್ಟರು. ಬೀಥೊವನ್ನನ ಐದನೆಯ ಸಿಂಫನಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿದದ್ದು 1808ರಲ್ಲಿ. ಅಂದು ಅದನ್ನು ನುಡಿಸಲು ಎಷ್ಟು ಜನ ಬೇಕಿತ್ತೋ ಇಂದೂ ಹೆಚ್ಚುಕಡಿಮೆ ಅಷ್ಟೇ ಜನ ಬೇಕು. ಅಂದೂ ಅರ್ಧ ತಾಸಿನ ಮೇಲೆ, ಇಂದೂ ಅರ್ಧ ತಾಸಿನ ಮೇಲೆ. ಈ ಎರಡು ಶತಮಾನಗಳಲ್ಲಿ ಗಿರಣಿಯ ಕಾರ್ಮಿಕ ಒಂದು ಗಂಟೆಯಲ್ಲಿ ನೇಯುವ ಬಟ್ಟೆ ಎಷ್ಟೋ ಪಟ್ಟು ಹೆಚ್ಚಿದೆ, ಅದಕ್ಕೆ ತಕ್ಕಂತೆ ಕೂಲಿಯೂ ಏರಿದೆ. ಪಿಟೀಲು ವಾದಕ ವೇಗ ಹೆಚ್ಚಿಸಿ ಒಂದು ಗಂಟೆಯಲ್ಲಿ ನಾಲ್ಕು ಸಿಂಫನಿ ಮುಗಿಸಲಾರ. ಆದರೆ ಅವನ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಮಾತ್ರ ಇತರರಂತೆಯೇ ಏರುತ್ತವೆ. ಹೀಗಾಗಿ ವಾದ್ಯವೃಂದದ ಖರ್ಚು ಅದರ ಗಳಿಕೆಗಿಂತ ಸದಾ ಮುಂದೆ ಓಡುತ್ತದೆ. ಅಮೆರಿಕದ ವಾದ್ಯವೃಂದಗಳ ಒಕ್ಕೂಟ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ 2014ರಲ್ಲಿ ಅವುಗಳ ಆದಾಯದಲ್ಲಿ ಟಿಕೆಟ್ ಮತ್ತಿತರ ಸ್ವಂತ ಗಳಿಕೆಯ ಪಾಲು ಶೇ. 40ರ ಸುಮಾರು, ದೇಣಿಗೆಯ ಪಾಲು ಅದನ್ನೂ ಮೀರಿತ್ತು. ಉಳಿದದ್ದು ದತ್ತಿನಿಧಿಯ ಬಡ್ಡಿ. ಅಂದರೆ ಪ್ರತಿ ಕೇಳುಗನ ಪಕ್ಕದ ಆಸನದಲ್ಲಿ ಕಣ್ಣಿಗೆ ಕಾಣದ ದಾನಿಯೊಬ್ಬ ಕುಳಿತಿರುತ್ತಾನೆ. ಆ ದಾನಿ ಯಾರಾಗಿರಬೇಕು ಎಂಬುದರಲ್ಲಿಯೇ ಇಡೀ ವಿವಾದ ಅಡಗಿದೆ.

ರಾಜಾಶ್ರಯ ಇದಕ್ಕೆ ಹಳೆಯ ಉತ್ತರ. ಇಲ್ಲಿ ಮೈಸೂರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಜಯಚಾಮರಾಜ ಒಡೆಯರ್ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಾಲೂರುತ್ತಿದ್ದ ದಿನಗಳಲ್ಲಿ ಮೂರು ವರ್ಷ ಕಾಲ ವರ್ಷಕ್ಕೆ ಹತ್ತು ಸಾವಿರ ಪೌಂಡ್ ಕೊಡಲು ಒಪ್ಪಿದ್ದರು. ಅದರ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಆಗಿದ್ದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮೊದಲು ಕೇಳಿಬಂದದ್ದು ಅವರ ಹಣಕಾಸಿನ ಬೆಂಬಲದಿಂದ. ಅವರು ಆ ಕಛೇರಿಗೆ ಹೋಗಲಾಗಲಿಲ್ಲ; ಧ್ವನಿಮುದ್ರಣವನ್ನು ಮೈಸೂರಿಗೆ ಕಳುಹಿಸಿಕೊಡಲಾಯಿತು. ಮಡಿಕೆ ಕಟ್ಟಿದ ಪೇಟದ ಅರಸರೊಬ್ಬರು ಜರ್ಮನ್ ರಚನಕಾರನ ಹಂಸಗೀತೆಗೆ ಬೆನ್ನಾದದ್ದು ನಮಗೆ ಹೆಮ್ಮೆಯ ವಿಷಯವೇ. ಆದರೆ ಸಂಸ್ಥಾನಗಳು ವಿಲೀನವಾದ ಮೇಲೆ ಅಂಥ ಕೊಡುಗೈ ಬಹುಕಾಲ ಚಾಚಿಕೊಂಡಿರುವಂತಿರಲಿಲ್ಲ. ಒಬ್ಬ ದಾತ, ಎಷ್ಟೇ ರಸಿಕನಾಗಿರಲಿ, ಸಂಸ್ಥೆಯೊಂದರ ಅಡಿಪಾಯವಾಗಲಾರ.

ಲೂಯಿವಿಲ್ ಬೇರೆ ದಾರಿ ಹಿಡಿಯಿತು. ಅಲ್ಲಿನ ವಾದ್ಯವೃಂದ ಹುಟ್ಟಿದ್ದು 1937ರಲ್ಲಿ. ಆ ವರ್ಷದ ಜನವರಿಯಲ್ಲಿ ಒಹಾಯೊ ನದಿ ಉಕ್ಕಿ ನಗರದ ಬಹುಭಾಗ ನೀರಿನಲ್ಲಿ ಮುಳುಗಿತ್ತು ಎಂಬುದನ್ನು ನೆನೆದರೆ, ಆ ಜನರ ಆದ್ಯತೆಗಳ ಬಗ್ಗೆ ಆಶ್ಚರ್ಯವೂ ಗೌರವವೂ ಒಟ್ಟಿಗೆ ಮೂಡುತ್ತವೆ. ರಾಬರ್ಟ್ ವಿಟ್ನಿ ಎಂಬ ತರುಣ ಕಂಡಕ್ಟರ್ ಕಟ್ಟಿದ ಈ ತಂಡದಲ್ಲಿ ದೊಡ್ಡ ಹೆಸರುಗಳಿರಲಿಲ್ಲ, ಹಣವಂತೂ ಇರಲೇ ಇಲ್ಲ. ಎಲ್ಲ ಊರುಗಳಂತೆ ಇಲ್ಲಿಯೂ ನ್ಯೂಯಾರ್ಕಿನಿಂದ ಪ್ರಸಿದ್ಧ ವಾದಕರನ್ನು ಕರೆಸಿ, ಅವರ ಭಾರೀ ಸಂಭಾವನೆಯ ಕೆಳಗೆ ನಲುಗುವ ಪದ್ಧತಿ ಇತ್ತು. 1948ರಲ್ಲಿ ನಗರದ ಮೇಯರ್ ಚಾರ್ಲ್ಸ್ ಫಾರ್ನ್ಸ್‌ಲಿ ಒಂದು ಸಲಹೆ ಕೊಟ್ಟರು: ಅತಿಥಿಗಳಿಗೆ ಸುರಿಯುವ ಹಣವನ್ನು ಬದುಕಿರುವ ರಚನಕಾರರಿಗೆ ಕೊಡಿ, ಅವರಿಂದ ಹೊಸ ಕೃತಿಗಳನ್ನು ಬರೆಸಿ ನುಡಿಸಿ. ಕನ್ಫ್ಯೂಷಿಯಸ್‌ನನ್ನು ಮೆಚ್ಚಿ ಓದುತ್ತಿದ್ದ ಈ ಮೇಯರ್ ರಸ್ತೆ, ಚರಂಡಿಗಳ ನಡುವೆ ಇದಕ್ಕೆ ಸಮಯ ಮಾಡಿಕೊಂಡದ್ದು ಹೇಗೆಂದು ನಮ್ಮ ಪಾಲಿಕೆಗಳ ನಡಾವಳಿ ಓದುವವರಿಗೆ ಅನ್ನಿಸಿದರೆ ತಪ್ಪಿಲ್ಲ. 1949ರಲ್ಲಿ ಅವರೇ ಮುಂದೆ ನಿಂತು ಕಲೆಗಳಿಗಾಗಿ ಊರಿನ ಸಾಮೂಹಿಕ ನಿಧಿಯೊಂದನ್ನು ಆರಂಭಿಸಿದರು. ಬೇರೆ ಬೇರೆ ಕಲಾಸಂಸ್ಥೆಗಳು ಒಂದೊಂದಾಗಿ ಮನೆಬಾಗಿಲಿಗೆ ಹೋಗುವ ಬದಲು ಎಲ್ಲವುಗಳ ಪರವಾಗಿ ಒಂದೇ ಹುಂಡಿ. ಕಾಲಾನಂತರದಲ್ಲಿ ಕಾರ್ಖಾನೆ, ಕಚೇರಿಗಳ ನೌಕರರು ಸಂಬಳದಿಂದಲೇ ಸಣ್ಣ ಮೊತ್ತ ಕಡಿತ ಮಾಡಿಸಿ ಕೊಡುವ ಏರ್ಪಾಡೂ ಬೆಳೆಯಿತು. ಎಪ್ಪತ್ತೈದು ವರ್ಷ ದಾಟಿದ ಈ ನಿಧಿ ಅಮೆರಿಕದಲ್ಲಿ ಇಂಥವುಗಳ ಪೈಕಿ ಅತ್ಯಂತ ಹಳೆಯವುಗಳಲ್ಲಿ ಒಂದು.

ಹೊಸ ಕೃತಿಗಳ ಯೋಜನೆ ಊರಿನ ಹೆಸರನ್ನು ಲೋಕಕ್ಕೆ ಮುಟ್ಟಿಸಿತು. ರಾಕ್‌ಫೆಲರ್ ಪ್ರತಿಷ್ಠಾನ 1953ರಲ್ಲಿ 4 ಲಕ್ಷ ಡಾಲರ್ ಕೊಟ್ಟಿತು. ಬ್ರೆಜಿಲ್‌ನ ವಿಲ್ಲಾ-ಲೋಬೋಸ್, ಅಮೆರಿಕದ ಏರನ್ ಕೋಪ್ಲಂಡ್, ಎಲಿಯಟ್ ಕಾರ್ಟರ್ ಮೊದಲಾದವರು ಈ ಮಧ್ಯಮ ಗಾತ್ರದ ಊರಿಗಾಗಿ ಬರೆದರು. ವಾದ್ಯವೃಂದ ತನ್ನದೇ ಧ್ವನಿಮುದ್ರಿಕೆಗಳ ಮಾಲೆ ಹೊರತಂದಿತು. ಇದೆಲ್ಲ ಹೇಳುವಾಗ ಒಂದು ಮಾತು ಮರೆಯಬಾರದು: ಊರಿನ ಸಾಮಾನ್ಯ ಶ್ರೋತೃಗಳಿಗೆ ಈ ಹೊಸ ಸಂಗೀತ ಅಷ್ಟಾಗಿ ಪಥ್ಯವಾಗಲಿಲ್ಲ. ಲೋಕದ ಗ್ರಂಥಾಲಯಗಳು ಮುದ್ರಿಕೆ ತರಿಸಿಕೊಂಡವು. ಪಕ್ಕದ ಬೀದಿಯವನಿಗೆ ಕೌತುಕವಷ್ಟೆ. ಹೊರಗಿನ ಅನುದಾನ ನಿಂತ ಮೇಲೆ ಯೋಜನೆಯ ಕಾವೂ ತಗ್ಗಿತು.

ಮುಂದಿನ ಅರ್ಧ ಶತಮಾನದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ತಂಡ ದೊಡ್ಡದಾಯಿತು, ವೃತ್ತಿಪರವಾಯಿತು, ನಗರದ ಅಪೆರಾ ಮತ್ತು ಬ್ಯಾಲೆ ತಂಡಗಳಿಗೂ ಅದೇ ಸಂಗೀತ ಒದಗಿಸತೊಡಗಿತು, ಸಾಲವೂ ಬೆಳೆಯಿತು. 2008ರ ಆರ್ಥಿಕ ಕುಸಿತದ ನಂತರ ದೇಶದ ಹಲವು ವಾದ್ಯವೃಂದಗಳು ಒಂದರ ಹಿಂದೊಂದು ಬಿದ್ದವು. ಹೊನೊಲುಲುವಿನದು 2010ರಲ್ಲಿ ಮುಚ್ಚಿತು, ಸಿರಾಕ್ಯೂಸ್ ಮತ್ತು ನ್ಯೂ ಮೆಕ್ಸಿಕೊದವು 2011ರಲ್ಲಿ. ಜಗದ್ವಿಖ್ಯಾತ ಫಿಲಡೆಲ್ಫಿಯಾ ವಾದ್ಯವೃಂದ ಕೂಡ 2011ರ ಏಪ್ರಿಲ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಲೂಯಿವಿಲ್‌ನ ಮಂಡಳಿಯ ಬೇಡಿಕೆ 71 ಪೂರ್ಣಾವಧಿ ವಾದಕರನ್ನು 55ಕ್ಕೆ ಇಳಿಸಬೇಕು, ವರ್ಷದ ಕೆಲಸದ ವಾರಗಳನ್ನೂ ಕಡಿತ ಮಾಡಬೇಕು ಎಂಬುದಾಗಿತ್ತು. ವಾದಕರ ಸಂಘ ಒಪ್ಪಲಿಲ್ಲ. 2011ರ ಶರತ್ಕಾಲ ಬಂದರೂ ವೇದಿಕೆ ಖಾಲಿ. ಒಪ್ಪಂದವಾಗಿ ಮತ್ತೆ ಕಛೇರಿ ನಡೆಯುವ ಹೊತ್ತಿಗೆ 2012ರ ವಸಂತ. ಅಷ್ಟರಲ್ಲಿ ಕೆಲವರು ಬೇರೆ ಊರುಗಳಲ್ಲಿ ಕೆಲಸ ಹಿಡಿದು ಹೋಗಿದ್ದರು.

ಆ ನಿರ್ಗಮನದ ಅರ್ಥವೇನೆಂದು ಲೆಕ್ಕಪರಿಶೋಧಕರ ವರದಿಗಳಲ್ಲಿ ಸಿಗುವುದಿಲ್ಲ. ಇಂಥ ಊರಿನಲ್ಲಿ ವಾದ್ಯವೃಂದದ ಎರಡನೆಯ ಸಾಲಿನ ಓಬೊ ವಾದಕಿಯೇ ಸಂಜೆ ಮಕ್ಕಳಿಗೆ ಪಾಠ ಹೇಳುವವಳು, ವಿಶ್ವವಿದ್ಯಾಲಯದ ಅರೆಕಾಲಿಕ ಉಪನ್ಯಾಸಕಿ, ಭಾನುವಾರ ಚರ್ಚಿನಲ್ಲಿ ನುಡಿಸುವವಳು, ಶಾಲೆಯ ಬ್ಯಾಂಡಿಗೆ ತರಬೇತಿ ಕೊಡುವವಳು. ಕಛೇರಿಯ ಟಿಕೆಟ್ ಎಂದೂ ಕೊಳ್ಳದ ಮನೆಯ ಹುಡುಗನಿಗೂ ಅವಳ ಪಾಠ ತಲುಪಿರುತ್ತದೆ. ಅವಳು ಊರು ಬಿಟ್ಟರೆ ಬೀಳುವ ಪೆಟ್ಟು ಐದು ಕಡೆ ತಗಲುತ್ತದೆ. ಅಮೆರಿಕದ ಇನ್ನೂ ಸಣ್ಣ ಪಟ್ಟಣಗಳಲ್ಲಿ ಪೂರ್ಣಾವಧಿ ಹುದ್ದೆಯೇ ಇಲ್ಲ. ಅಲ್ಲಿ ವಾದಕರು ಒಂದು ತಾಲೀಮಿಗೆ ಇಷ್ಟು, ಒಂದು ಕಛೇರಿಗೆ ಇಷ್ಟು ಎಂದು ಹಣ ಪಡೆದು, ಮೂರು ನಾಲ್ಕು ಊರುಗಳ ತಂಡಗಳ ನಡುವೆ ಕಾರು ಓಡಿಸುತ್ತಾ ಬದುಕುತ್ತಾರೆ. ಅಲ್ಲಿನ ಒಪ್ಪಂದಗಳ ಭಾಷೆಯಲ್ಲಿ ಪ್ರತಿ ತಾಲೀಮು, ಪ್ರತಿ ಕಛೇರಿಗೂ ‘ಸರ್ವಿಸ್’ ಎಂದೇ ಹೆಸರು. ಸೇವೆಯನ್ನು ಹೀಗೆ ಎಣಿಸಿ ಕೊಡುವುದು ಕೇಳಲು ಒರಟು. ಆದರೆ ಎಣಿಸದೆ ‘ಕಲಾಸೇವೆ’ ಎಂದು ಶಾಲು ಹೊದಿಸಿ ಕಳುಹಿಸುವ ನಮ್ಮ ಪದ್ಧತಿಗಿಂತ ಪ್ರಾಮಾಣಿಕ ಎನ್ನಬೇಕು. ಇದಲ್ಲದೆ ವೈದ್ಯರು, ಶಿಕ್ಷಕರು, ನಿವೃತ್ತರು ಸಂಜೆಗಳಲ್ಲಿ ಶಾಲಾ ಸಭಾಂಗಣದಲ್ಲಿ ಕಲೆತು ಸಂಬಳವಿಲ್ಲದೆ ನುಡಿಸುವ ಅಸಂಖ್ಯ ಹವ್ಯಾಸಿ ತಂಡಗಳೂ ಇವೆ. ಅವುಗಳಿಗೂ ಕಲಿಸಿಕೊಡುವವರು ಬಹುಮಟ್ಟಿಗೆ ಇದೇ ವೃತ್ತಿಪರರು.

2014ರಲ್ಲಿ ಟೆಡ್ಡಿ ಏಬ್ರಮ್ಸ್ ಎಂಬ 27 ವರ್ಷದ ಯುವಕ ಲೂಯಿವಿಲ್‌ನ ಸಂಗೀತ ನಿರ್ದೇಶಕನಾದ. ಹೆಸರುವಾಸಿ ಕಂಡಕ್ಟರುಗಳು ಸಾಮಾನ್ಯವಾಗಿ ವಿಮಾನದಲ್ಲಿ ಬಂದು, ವಾರ ಕಳೆದು, ವಿಮಾನದಲ್ಲೇ ಹೋಗುವವರು. ಈತ ಊರಿನಲ್ಲಿಯೇ ಮನೆ ಮಾಡಿದ. ಸ್ಥಳೀಯ ರಾಕ್ ಗಾಯಕರ ಜೊತೆ ಸೇರಿದ. ಮುಹಮ್ಮದ್ ಅಲಿಯ ಬದುಕಿನ ಮೇಲೆ ರ‍್ಯಾಪ್ ಬೆರೆತ ದೊಡ್ಡ ಕೃತಿ ಬರೆದು 2017ರಲ್ಲಿ ನುಡಿಸಿದ. ಬಿಳಿಯರ, ಉಳ್ಳವರ ಸಭಾಂಗಣವೆಂದು ದೂರ ಉಳಿದಿದ್ದ ಕಪ್ಪು ಜನರ ಬಡಾವಣೆಗಳಿಗೆ ಅಲಿಗಿಂತ ಒಳ್ಳೆಯ ಆಹ್ವಾನಪತ್ರಿಕೆ ಬೇರೆ ಇರಲಿಲ್ಲ. 2022ರಲ್ಲಿ ಇನ್ನೊಂದು ಹೆಜ್ಜೆ: ಮೂವರು ರಚನಕಾರರಿಗೆ ಶೆಲ್ಬಿ ಪಾರ್ಕ್ ಎಂಬ ಸಾಧಾರಣ ಬಡಾವಣೆಯಲ್ಲಿ ವಾಸಕ್ಕೆ ಮನೆ, ಕನಿಷ್ಠ 40 ಸಾವಿರ ಡಾಲರ್ ಸಂಬಳ, ಆರೋಗ್ಯ ವಿಮೆ ಕೊಟ್ಟು ಋತುಪೂರ್ತಿ ಅಲ್ಲೇ ನೆಲೆಸಿ ಬರೆಯಲು ಹೇಳಲಾಯಿತು. ಫಾರ್ನ್ಸ್‌ಲಿಯ ಕಾಲದಲ್ಲಿ ಕೃತಿ ಅಂಚೆಯಲ್ಲಿ ಬರುತ್ತಿತ್ತು. ಈಗ ಕೃತಿ ಬರೆಯುವವರು ನೆರೆಮನೆಗೆ ಬಂದರು. ಹಳೆಯ ಯೋಜನೆಯ ಊನವನ್ನು ಇಷ್ಟು ಸರಿಯಾಗಿ ಗುರುತಿಸಿ ತಿದ್ದಿದ ಉದಾಹರಣೆ ಸಾಂಸ್ಕೃತಿಕ ಸಂಸ್ಥೆಗಳಲ್ಲಿ ಅಪರೂಪ.

ಶಾಸನಸಭೆಯ ಹಣದ ಮಾತು ಇನ್ನೂ ಸ್ವಾರಸ್ಯಕರ. ಕೆಂಟಕಿಯಲ್ಲಿ 120 ಕೌಂಟಿಗಳು. ಪೂರ್ವದ ಬೆಟ್ಟಗಳಲ್ಲಿ ಮುಚ್ಚಿಹೋದ ಕಲ್ಲಿದ್ದಲು ಗಣಿಗಳ ಬಡ ಪಟ್ಟಣಗಳು, ಪಶ್ಚಿಮದಲ್ಲಿ ಹೊಲಗದ್ದೆಗಳು. ರಾಜಧಾನಿ ಫ್ರ್ಯಾಂಕ್‌ಫರ್ಟ್‌ನ ಶಾಸನಸಭೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಭಾರೀ ಬಹುಮತ. ಲೂಯಿವಿಲ್ ಮತ ಹಾಕುವುದು ಡೆಮಾಕ್ರಾಟಿಕ್ ಪಕ್ಷಕ್ಕೆ. ಗ್ರಾಮೀಣ ಶಾಸಕನಿಗೆ ದೊಡ್ಡ ನಗರದ ಮೇಲಿರುವ ಮುನಿಸು ನಮಗೇನೂ ಅಪರಿಚಿತವಲ್ಲ. ಸರ್ಕಾರಿ ಖರ್ಚೆಂದರೆ ಹುಬ್ಬು ಗಂಟಿಕ್ಕುವ ಅಂಥವರು ನಗರದ ಸಿಂಫನಿಗೆ ಕೋಟ್ಯಂತರ ರೂಪಾಯಿ ಮಂಜೂರು ಮಾಡಿದರೆಂದರೆ, ವಾದ್ಯವೃಂದದವರು ಕೇಳಿದ ಬಗೆಯಲ್ಲೇ ಏನೋ ಇರಬೇಕು. ಅವರು ತಮ್ಮ ಸಾಲ ತೀರಿಸಿರೆಂದು ಕೇಳಲಿಲ್ಲ, ತಮ್ಮ ಸಭಾಂಗಣ ದುರಸ್ತಿ ಮಾಡಿರೆಂದೂ ಕೇಳಲಿಲ್ಲ. ನಿಮ್ಮ ಕ್ಷೇತ್ರಕ್ಕೆ ಬರುತ್ತೇವೆ, ಪ್ರಯಾಣದ ಖರ್ಚು ಕೊಡಿ ಎಂದರು. ಪ್ರವಾಸ 2023ರಲ್ಲಿ ಆರಂಭವಾಯಿತು. 2024ರ ಬಜೆಟ್ಟಿನಲ್ಲಿ ನೆರವು ಮುಂದುವರಿಯಿತು.

ನೀನಾಸಂ ತಿರುಗಾಟ ಕಂಡ ನಮಗೆ ಕಲೆ ಊರೂರಿಗೆ ಹೋಗುವುದು ಹೊಸದೇನಲ್ಲ. ಆದರೆ ನಾಟಕದ ತಂಡಕ್ಕೆ ಒಂದು ಬಸ್ಸು ಸಾಕು. ಇಲ್ಲಿ ಆಳೆತ್ತರದ ಡಬಲ್ ಬೇಸ್‌ಗಳು, ತಾಮ್ರದ ನಗಾರಿಗಳು ಲಾರಿಯಲ್ಲಿ ಹೋಗಬೇಕು. ಅರವತ್ತು ಕುರ್ಚಿ ಹಿಡಿಸುವ ವೇದಿಕೆ ಆ ಪಟ್ಟಣದಲ್ಲಿ ಇದೆಯೇ ಎಂದು ಮೊದಲು ಅಳೆದು ಬರಬೇಕು. ರಾತ್ರಿ ತಂಗಲು ಅಷ್ಟು ಕೋಣೆಗಳು ಬೇಕು. ಕಛೇರಿಗಳು ಉಚಿತ ಅಥವಾ ಅಲ್ಪ ಶುಲ್ಕದವು. ಕಾರ್ಯಕ್ರಮ ರೂಪಿಸುವಲ್ಲಿಯೂ ಜಾಣತನವಿದೆ: ಬ್ಲೂಗ್ರಾಸ್ ಎಂಬ ಜಾನಪದ ಛಾಯೆಯ ಪಿಟೀಲು, ಬ್ಯಾಂಜೊ ಸಂಗೀತಕ್ಕೆ ಕೆಂಟಕಿ ತವರು, ಆ ಪಿಟೀಲುಗಾರರನ್ನೇ ಸಿಂಫನಿಯ ಮುಂದೆ ನಿಲ್ಲಿಸಿದರು. 2023ರ ಏಪ್ರಿಲ್‌ನಲ್ಲಿ ಜಗತ್ತಿನ ಅತಿ ಉದ್ದದ ಗುಹೆಯಾದ ಮ್ಯಾಮತ್ ಕೇವ್‌ನ ಒಳಗೇ ಚೆಲ್ಲೊ ವಾದಕ ಯೊ-ಯೊ ಮಾ ಅವರೊಡನೆ ಏಬ್ರಮ್ಸ್‌ನ ಹೊಸ ಕೃತಿ ನುಡಿಸಿದರು. ಅದು ಪತ್ರಿಕೆಗಳ ಮುಖಪುಟಕ್ಕೆ ಹೇಳಿಮಾಡಿಸಿದ ಪ್ರಸಂಗ. ನನಗೆ ಮಾತ್ರ ಅದಕ್ಕಿಂತ, ಹೈಸ್ಕೂಲಿನ ಸಭಾಂಗಣವೊಂದರಲ್ಲಿ ಓಬೊ ಎಂಬ ವಾದ್ಯವನ್ನು ಮೊದಲ ಬಾರಿ ಹತ್ತಿರದಿಂದ ಕಾಣುವ ಮಕ್ಕಳ ಲೆಕ್ಕ ಮುಖ್ಯವೆನಿಸುತ್ತದೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಅನುಮಾನಗಳು ಉಳಿಯುತ್ತವೆ. ಬಜೆಟ್ಟಿನ ಬಾಬತ್ತು ಎರಡು ವರ್ಷದ್ದು. ಮುಂದಿನ ಸಭೆಯ ಮನಸ್ಸು ಬದಲಾದರೆ ಯಾರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಹಣ ಬರುವುದು ತಿರುಗಾಟಕ್ಕೆ. ವಾದಕನ ವಾರ್ಷಿಕ ಸಂಬಳದ ಹೊಣೆ ಹಿಂದಿನಂತೆಯೇ ದೇಣಿಗೆಗಳ ಮೇಲೆ. ಹೊಸ ಉತ್ಸಾಹವೆಲ್ಲ ಬಂದದ್ದು ಕಡಿತಕ್ಕೊಳಗಾದ ತಂಡದ ಹೆಗಲ ಮೇಲೆ ಎಂಬುದನ್ನು ಅದರ ಪ್ರಶಂಸಕರು ಅಷ್ಟಾಗಿ ಹೇಳುವುದಿಲ್ಲ. ಪ್ರದೇಶದ ‘ಸೇವೆ’ ಎಂಬ ಮಾತು ಹೆಚ್ಚಿದಂತೆ, ಎಲ್ಲರಿಗೂ ಹಿತವಾಗುವುದನ್ನೇ ನುಡಿಸುವ ಒತ್ತಡವೂ ಹೆಚ್ಚುತ್ತದೆ. 1950ರ ದಶಕದಲ್ಲಿ ಅರ್ಧ ತುಂಬಿದ ಸಭೆಗಾದರೂ ಎಲಿಯಟ್ ಕಾರ್ಟರನ ಜಟಿಲ ಕೃತಿ ನುಡಿಸುವ ಕೆಚ್ಚು ಆ ಊರಿಗಿತ್ತು. ಶಾಸಕರ ಕೃಪೆಯಲ್ಲಿರುವ ತಂಡ ಅಂಥ ಸಾಹಸ ಮಾಡೀತೇ? ಈವರೆಗೆ ಮಾಡಿದೆ ಎಂದೇ ಹೇಳಬೇಕು. ಪಿಯಾನೊ ವಾದಕಿ ಯುಜಾ ವಾಂಗ್‌ಗಾಗಿ ಏಬ್ರಮ್ಸ್ ಬರೆದ ಕಾನ್ಚೆರ್ಟೊ ಇರುವ ಧ್ವನಿಮುದ್ರಿಕೆ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ನಮ್ಮ ದೇಶದಲ್ಲಿ ಈ ಬಗೆಯ ಪ್ರಯೋಗ 2006ರಲ್ಲಿ ಮುಂಬಯಿಯಲ್ಲಿ ನಡೆಯಿತು. ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ ಆಗ ಹುಟ್ಟುಹಾಕಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದಲ್ಲಿ ಮೊದಲಿನಿಂದಲೂ ಬಹುಪಾಲು ವಾದಕರು ಕಜಾಕಸ್ತಾನ ಮೊದಲಾದ ಹೊರದೇಶಗಳಿಂದ ಬಂದವರು. ಸಭಾಂಗಣವಿತ್ತು, ದಾನಿಗಳಿದ್ದರು, ಕೇಳುವವರೂ ಇದ್ದರು. ನುಡಿಸುವವರನ್ನು ಬೆಳೆಸುವ ಶಾಲೆಗಳಿರಲಿಲ್ಲ. ಆ ಕೇಂದ್ರ ಕೆಲವು ವರ್ಷಗಳ ನಂತರ ಮಕ್ಕಳಿಗೆ ಪಿಟೀಲು, ಚೆಲ್ಲೊ ಕಲಿಸುವ ತರಗತಿಗಳನ್ನು ತೆರೆಯಿತು. ಆ ಮಕ್ಕಳು ವೃತ್ತಿಪರ ವೇದಿಕೆಯ ಮೇಲಿನ ಕುರ್ಚಿಗಳಿಗೆ ಬರಲು ಹದಿನೈದು ವರ್ಷ ಬೇಕು. ಅಷ್ಟು ದೀರ್ಘ ಕಾಲ ಫಲ ಕಾಣದೆ ಹಣ ಕೊಡುತ್ತಲೇ ಇರುವ ದಾನಿಯನ್ನು ಹುಡುಕುವುದು ಸಭಾಂಗಣ ಕಟ್ಟಿದಷ್ಟು ಸುಲಭವಲ್ಲ. ಲೂಯಿವಿಲ್‌ಗೆ ಆ ದಾನಿ ಸಿಕ್ಕಿದ್ದು ಸಂಬಳದ ಚೀಟಿಯಲ್ಲಿ ತಿಂಗಳಿಗೆ ಕೆಲವೇ ಡಾಲರ್ ಕಡಿತಕ್ಕೆ ಸಹಿ ಹಾಕಿದ ನೌಕರರಲ್ಲಿ.